ಕರಾವಳಿಯ ಹಳೆಯ ದೇವಸ್ಥಾನ, ಪಳ್ಳಿ, ಇಗರ್ಜಿ, ಬಸದಿ ನೋಡುವುದು ಹೇಗೆ

ಮಂಗಳೂರಿಗೆ ಬಂದವರು ಒಂದೇ ದಿನದಲ್ಲಿ ಏಳೆಂಟು ಕಡೆ ಓಡಾಡಿ, ಹೊರಗೆ ನಿಂತು ಫೋಟೋ ಹೊಡೆದು, ಮತ್ತೆ ಕಾರು ಹತ್ತಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎರಡು ದಿನ ಇಟ್ಟುಕೊಳ್ಳಿ. ಒಂದು ದಿನ ಮಂಗಳೂರು ಪೇಟೆಗೆ, ಇನ್ನೊಂದು ದಿನ ಮೂಡುಬಿದಿರೆ, ಕಾರ್ಕಳಕ್ಕೆ. ಜಾಗ ಕಡಿಮೆ ಆದರೂ ಪರವಾಗಿಲ್ಲ, ಒಂದೊಂದು ಕಡೆ ಒಂದು ಗಂಟೆಯಾದರೂ ಕೂರಬೇಕು.

ಎಲ್ಲಿಗೆ ಹೋದರೂ ಮೊದಲು ಮಾಡನ್ನು, ಅಂದರೆ ಛಾವಣಿಯನ್ನು, ನೋಡಿ. ಇಲ್ಲಿ ವರ್ಷಕ್ಕೆ 3500 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುತ್ತದೆ. ಆ ನೀರು ಗೋಡೆಗೆ ತಾಗದೆ ಹರಿದುಹೋಗಬೇಕು. ಹಾಗಾಗಿ ಯಾರ ದೇವರಾದರೂ ಸರಿ, ಮಾಡು ಇಳಿಜಾರು, ಸೂರು ಉದ್ದ. ಬಸದಿಗೆ ಕಲ್ಲಿನ ಚಪ್ಪಡಿಗಳನ್ನೇ ಓರೆಯಾಗಿ ಜೋಡಿಸಿದರು. ಕೆಳಗೆ ಮುರಕಲ್ಲಿನ (ಕರಾವಳಿಯ ಕೆಂಪು ಕಲ್ಲು) ಗೋಡೆ, ಒಳಗೆ ಮರದ ಕೆತ್ತನೆ. ಇಷ್ಟನ್ನು ತಲೆಯಲ್ಲಿಟ್ಟುಕೊಂಡರೆ ಪಳ್ಳಿಗೂ (ಮಸೀದಿಗೂ) ಗುಡಿಗೂ ಇರುವ ನಂಟು ಯಾರೂ ಹೇಳದೆಯೇ ಕಾಣುತ್ತದೆ.

ಮೊದಲ ದಿನ ಬೆಳಿಗ್ಗೆ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಬಂದರಿಗೆ ನಡೆದುಕೊಂಡೇ ಹೋಗಿ. ಅಲ್ಲಿ ಝೀನತ್ ಬಕ್ಷ್ ಮಸೀದಿ ಇದೆ. ಅರಬ್ ವ್ಯಾಪಾರಿಗಳ ಕಾಲದಲ್ಲಿ, ಕ್ರಿ.ಶ. 644ರಲ್ಲಿ, ಇಸ್ಲಾಂ ಧರ್ಮ ಪ್ರಚಾರಕ ಮಾಲಿಕ್ ದೀನಾರ್ ಅವರ ಕಡೆಯವರು ಕಟ್ಟಿಸಿದ್ದು ಅಂತ ಇಲ್ಲಿನವರ ನಂಬಿಕೆ. ಮುಂದೆ ಟಿಪ್ಪು ಸುಲ್ತಾನ್ ಅದನ್ನು ಹೊಸದಾಗಿ ಕಟ್ಟಿಸಿ ಮಗಳ ಹೆಸರಿಟ್ಟ ಎನ್ನುತ್ತಾರೆ. ಒಳಗಿನ ಮರದ ಕಂಬಗಳನ್ನು ಹತ್ತಿರದಿಂದ ನೋಡಿ. ಹೂವು, ಬಳ್ಳಿ, ಅಂಚಿನ ಕೆತ್ತನೆ ಎಲ್ಲ ಕರಾವಳಿಯ ಬಡಗಿಯ ಕೈಕೆಲಸ. ಶುಕ್ರವಾರ ಮಧ್ಯಾಹ್ನ ಹೋಗಬೇಡಿ, ನಮಾಜಿನ ಹೊತ್ತಿಗೆ ಜನ ತುಂಬಿರುತ್ತಾರೆ. ಉಳಿದ ಹೊತ್ತಿನಲ್ಲೂ ಸೀದಾ ಒಳಗೆ ನುಗ್ಗದೆ, ಮೊದಲು ಕಚೇರಿಯಲ್ಲಿ ಕೇಳಿ. ಹೆಂಗಸರು ಎಲ್ಲಿಯವರೆಗೆ ಹೋಗಬಹುದು ಅನ್ನುವುದನ್ನೂ ಅಲ್ಲೇ ಹೇಳುತ್ತಾರೆ.

ಅಲ್ಲಿಂದ ಲೈಟ್‌ಹೌಸ್ ಹಿಲ್ ಹತ್ತಿ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್‌ಗೆ ಬನ್ನಿ. ಹೊರಗಿನಿಂದ ಸಾದಾ ಕಟ್ಟಡ. ಒಳಗೆ ಕಾಲಿಟ್ಟರೆ ಗೋಡೆ, ಕಮಾನು, ಮೇಲ್ಛಾವಣಿ ಎಲ್ಲ ಕಡೆ ಚಿತ್ರಗಳು. ಇಟಲಿಯಿಂದ ಬಂದ ಜೆಸ್ವಿಟ್ ಬ್ರದರ್ ಆಂಟೋನಿಯೋ ಮೊಸ್ಕೇನಿ 1899ರಿಂದ 1901ರ ಒಳಗೆ ಇದನ್ನೆಲ್ಲ ಬಿಡಿಸಿ ಮುಗಿಸಿದರು. ಗೋಡೆಯ ಚಿತ್ರಗಳು ಹಸಿ ಗಾರೆಯ ಮೇಲೆ ಬಿಡಿಸಿದವು, ಅಂದರೆ ಗಾರೆ ಒಣಗುವುದರೊಳಗೆ ಆ ಭಾಗದ ಕೆಲಸ ಮುಗಿಯಬೇಕು, ತಪ್ಪಿದರೆ ಕೆರೆದು ಮತ್ತೆ ಗಾರೆ ಮೆತ್ತಬೇಕು. ಮೇಲ್ಛಾವಣಿಯವು ಕ್ಯಾನ್ವಾಸಿನ ಮೇಲೆ ಎಣ್ಣೆ ಬಣ್ಣದವು. ಬೆಂಚಿನ ಮೇಲೆ ಕೂತು, ಬಾಗಿಲ ಕಡೆಯಿಂದ ಶುರು ಮಾಡಿ ನಿಧಾನಕ್ಕೆ ನೋಡುತ್ತಾ ಹೋಗಿ. ಒಳಗೆ ಫೋಟೋ ತೆಗೆಯುವ ಹಾಗಿಲ್ಲ, ಅದು ಒಳ್ಳೆಯದೇ ಆಯಿತು, ಕಣ್ಣಿಗೆ ಕೆಲಸ ಸಿಗುತ್ತದೆ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಮುಚ್ಚಿರಬಹುದು, ಮೊದಲೇ ಫೋನ್ ಮಾಡಿಕೊಳ್ಳಿ.

ಹತ್ತಿರದ ಬಲ್ಮಠದಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು 1862ರಲ್ಲಿ ಕಟ್ಟಿದ ಶಾಂತಿ ಕ್ಯಾಥೆಡ್ರಲ್ ಇದೆ. ಕನ್ನಡದವರು ಇಲ್ಲಿಗೆ ಒಮ್ಮೆ ಬಂದು ಹೋಗಲೇಬೇಕು. 1894ರಲ್ಲಿ ಕಿಟ್ಟೆಲ್ ನಿಘಂಟನ್ನು ಹೊರತಂದವರು ಇದೇ ಮಿಷನ್‌ನವರು. 1865ರಲ್ಲಿ ಮಂಗಳೂರು ಹಂಚಿನ ಕಾರ್ಖಾನೆ ತೆರೆದವರೂ ಅವರೇ. ಆಮೇಲೆ ಆ ಕೆಂಪು ಹಂಚು ಮನೆ, ಪಳ್ಳಿ, ದೇವಸ್ಥಾನದ ಸುತ್ತಿನ ಪೌಳಿ, ಎಲ್ಲದರ ಮೇಲೂ ಕೂತಿತು. ಎಲ್ಲಾದರೂ ಮಾಡಿನಿಂದ ಇಳಿಸಿಟ್ಟ ಹಳೆ ಹಂಚು ಕಂಡರೆ ತಿರುಗಿಸಿ ನೋಡಿ, ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ.

ಸಂಜೆ ದೇವಸ್ಥಾನ ತೆರೆದ ಮೇಲೆ ಕದ್ರಿಗೆ ಹೋಗಿ. ಮಂಜುನಾಥನಿಗೆ ಕೈಮುಗಿದು ಹೊರಟುಬಿಡುವವರೇ ಜಾಸ್ತಿ. ನೀವು ಮಾತ್ರ ಲೋಕೇಶ್ವರನ ಕಂಚಿನ ಮೂರ್ತಿ ಎಲ್ಲಿ ಅಂತ ಕೇಳಿ, ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಮೂರು ಮುಖ, ಆರು ಕೈ. ಪೀಠದ ಶಾಸನದ ಪ್ರಕಾರ 968ರಲ್ಲಿ ಆಳುಪ ದೊರೆ ಕುಂದವರ್ಮ ಇದನ್ನು ಕದರಿಕಾ ವಿಹಾರದಲ್ಲಿ ಪ್ರತಿಷ್ಠೆ ಮಾಡಿಸಿದ. ಕಿರೀಟದಲ್ಲಿ ಕೂತ ಪುಟ್ಟ ಬುದ್ಧನ ಆಕೃತಿ ಇದೆ, ಹಾಗಾಗಿ ಇದು ಬೌದ್ಧರ ಬೋಧಿಸತ್ವ ಅವಲೋಕಿತೇಶ್ವರ ಎಂದು ವಿದ್ವಾಂಸರು ಹೇಳುತ್ತಾರೆ. ಶಿವನ ಗುಡಿಯಲ್ಲಿ ಬೌದ್ಧ ಮೂರ್ತಿಗೆ ಸಾವಿರ ವರ್ಷ ಕಳೆದರೂ ದೀಪ ಹಚ್ಚುತ್ತಾರೆ. ನನಗಂತೂ ಇಡೀ ಮಂಗಳೂರಿನಲ್ಲಿ ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿಲ್ಲ. ಹಿಂದಿನ ಗುಡ್ಡದಲ್ಲಿ ಕೆರೆಗಳಿವೆ, ಇನ್ನೂ ಮೇಲೆ ನಾಥ ಪಂಥದ ಜೋಗಿ ಮಠವಿದೆ. ಕತ್ತಲಾಗುವ ಮೊದಲು ಹತ್ತಿ ಬನ್ನಿ.

ಎರಡನೇ ದಿನ ಬೇಗ ಏಳಿ. ಮೂಡುಬಿದಿರೆಗೆ ಸುಮಾರು 35 ಕಿಲೋಮೀಟರ್, ಬಸ್ಸು ಬೇಕಾದಷ್ಟಿದೆ. ಸಾವಿರ ಕಂಬದ ಬಸದಿ ಕಟ್ಟಿದ್ದು 1430ರಲ್ಲಿ. ಒಂದು ಕಂಬದ ಹಾಗೆ ಇನ್ನೊಂದಿಲ್ಲ ಎನ್ನುತ್ತಾರೆ, ಸುಮ್ನೆ ನಂಬಬೇಡಿ, ಪಕ್ಕಪಕ್ಕದ ಎರಡನ್ನು ಹಿಡಿದು ಹೋಲಿಸಿ ನೋಡಿ. ಆಮೇಲೆ ಭೈರಾದೇವಿ ಮಂಟಪದ ಬುಡಕ್ಕೆ ಬಂದು ಕುಕ್ಕರುಗಾಲಲ್ಲಿ ಕೂತುಕೊಳ್ಳಿ. ಜಗಲಿಯ ಪಟ್ಟಿಯಲ್ಲಿ ಜಿರಾಫೆಯ ಹಾಗಿನ ಪ್ರಾಣಿ ಇದೆ, ಚೀನಾದ ಡ್ರ್ಯಾಗನ್‌ನಂಥದ್ದೂ ಇದೆ. ಊರು ಕಡಲಿಂದ ಅಷ್ಟು ಒಳಗಿದ್ದರೂ ಇಲ್ಲಿನ ಜೈನ ವರ್ತಕರ ವ್ಯವಹಾರ ಹಡಗು ಹತ್ತಿ ಎಲ್ಲಿಯವರೆಗೆ ಹೋಗಿತ್ತು ಅಂತ ಆ ಕಲ್ಲೇ ಹೇಳುತ್ತದೆ, ಅಲ್ವಾ? ಬೆಲ್ಟು, ಪರ್ಸು ಚರ್ಮದ್ದಾದರೆ ಬಸದಿಯ ಒಳಗೆ ಒಯ್ಯಬೇಡಿ. ಸಮಯ ಉಳಿದರೆ ಇಲ್ಲಿ ಆಳಿದ ಜೈನ ಅರಸರಾದ ಚೌಟರ ಅರಮನೆಯ ಮರದ ಕಂಬಗಳನ್ನು ನೋಡಿ. ಒಂಬತ್ತು ಹೆಂಗಸರು ಸೇರಿ ಒಂದು ಆನೆಯಾದ ನವನಾರಿ ಕುಂಜರ ಅಲ್ಲಿದೆ.

ಕಾರ್ಕಳ ಇಲ್ಲಿಂದ ಹತ್ತಿರ. 42 ಅಡಿಯ ಬಾಹುಬಲಿಯನ್ನು 1432ರಲ್ಲಿ ನಿಲ್ಲಿಸಿದ್ದು. ಬಂಡೆ ಕಾಯುತ್ತದೆ, ಅಲ್ಲಿ ಬರಿಗಾಲು, ಆದ್ದರಿಂದ ನೆತ್ತಿ ಬಿಸಿಲಿನಲ್ಲಿ ಹತ್ತಬೇಡಿ. ಮಧ್ಯಾಹ್ನ ಎದುರಿಗಿರುವ ಚತುರ್ಮುಖ ಬಸದಿಯಲ್ಲಿ ಕಳೆಯಿರಿ. 1586ರ ಕಟ್ಟಡ, ನಾಲ್ಕು ದಿಕ್ಕಿಗೂ ಒಂದೇ ಥರದ ಬಾಗಿಲು, ಯಾವ ಬಾಗಿಲಿಂದ ನೋಡಿದರೂ ಅದೇ ಮೂವರು ತೀರ್ಥಂಕರರು. ಬಿಸಿಲು ಇಳಿದ ಮೇಲೆ ಬಾಹುಬಲಿಯ ಹತ್ತಿರ ಹತ್ತಿ.

ಅತ್ತೂರಿನ ಸಂತ ಲಾರೆನ್ಸ್ ಇಗರ್ಜಿಯೂ (ಚರ್ಚ್) ಕಾರ್ಕಳದ ಪಕ್ಕದಲ್ಲೇ ಇದೆ. 2016ರಲ್ಲಿ ಬೆಸಿಲಿಕಾ ಆಯಿತು. ಜನವರಿಯ ಸಾಂತ್‌ಮಾರಿ ಜಾತ್ರೆಗೆ ಹಿಂದೂಗಳೂ ಮುಸ್ಲಿಮರೂ ಹರಕೆಯ ಮೇಣದಬತ್ತಿ ಹಿಡಿದು ಬರುತ್ತಾರೆ. ಜನರನ್ನು ನೋಡಬೇಕಾದರೆ ಜಾತ್ರೆಗೆ ಬನ್ನಿ, ಕಟ್ಟಡ ನೋಡಬೇಕಾದರೆ ಜಾತ್ರೆ ತಪ್ಪಿಸಿ ಬನ್ನಿ, ಎರಡೂ ಒಟ್ಟಿಗೆ ಆಗುವುದಿಲ್ಲ.

ಇನ್ನೂ ಅರ್ಧ ದಿನ ಕೈಲಿದ್ದರೆ ಮುಲ್ಕಿಗೆ ಹೋಗಿ. ಬಪ್ಪನಾಡು ದುರ್ಗಾಪರಮೇಶ್ವರಿಯ ಗುಡಿ ಕಟ್ಟಿಸಿದ್ದು ಬಪ್ಪ ಬ್ಯಾರಿ ಎಂಬ ಮುಸ್ಲಿಂ ವರ್ತಕ ಎಂದು ಐತಿಹ್ಯ. ಜಾತ್ರೆಯಲ್ಲಿ ಅವರ ಮನೆತನದವರಿಗೆ ಇಂದಿಗೂ ಪ್ರಸಾದ ಕೊಡುತ್ತಾರೆ. ದೊಡ್ಡ ಡೋಲು ನೋಡಲು ಮರೆಯಬೇಡಿ.

ಯಾವಾಗ ಬರಬೇಕು? ನವೆಂಬರಿನಿಂದ ಫೆಬ್ರವರಿ ತನಕ ಓಡಾಟ ಸುಲಭ. ನನ್ನ ಕೇಳಿದರೆ ಸೆಪ್ಟೆಂಬರ್ ಕೊನೆಗೆ ಬನ್ನಿ. ಆಗಾಗ ಮಳೆ ಹೊಯ್ಯುತ್ತದೆ, ಜನ ಕಡಿಮೆ, ಆ ಮಾಡುಗಳನ್ನು ಯಾಕೆ ಹಾಗೆ ಕಟ್ಟಿದ್ದಾರೆ ಅಂತ ಕಣ್ಣೆದುರೇ ಗೊತ್ತಾಗುತ್ತದೆ. ಕೊಡೆ ತನ್ನಿ. ಸುಲಭಕ್ಕೆ ಕಳಚುವ ಚಪ್ಪಲಿ ಹಾಕಿಕೊಳ್ಳಿ. ಮೊಣಕಾಲು, ತೋಳು ಮುಚ್ಚುವ ಬಟ್ಟೆ ಇದ್ದರೆ ಎಲ್ಲ ಕಡೆಗೂ ನಡೆಯುತ್ತದೆ. ಕೆಲವು ದೇವಸ್ಥಾನಗಳಲ್ಲಿ ಗಂಡಸರು ಅಂಗಿ ತೆಗೆಯಬೇಕಾಗುತ್ತದೆ, ಅದಕ್ಕೊಂದು ಶಾಲು ಚೀಲದಲ್ಲಿರಲಿ.