ಸೊಪ್ರಾನೊ ಕೊಳ್ಳಲು ಹೊರಟಾಗ ಜೇಬಿನಲ್ಲಿ ಟ್ಯೂನರ್ ಇರಲಿ

ಸೊಪ್ರಾನೊ ಸ್ಯಾಕ್ಸೊಫೋನ್ ನೋಡುವುದಕ್ಕೆ ಪಾಪದ್ದು. ಎರಡಡಿಗಿಂತ ತುಸು ಉದ್ದದ ನೆಟ್ಟನೆಯ ಹಿತ್ತಾಳೆ ಕೊಳವೆ, ಕೈಗೂ ಹಗುರ. ಇಷ್ಟು ಚಿಕ್ಕದಕ್ಕೆ ಜಾಸ್ತಿ ದುಡ್ಡು ಯಾಕೆ, ಅಗ್ಗದ್ದೇ ಸಾಕು ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು. ಫೋಟೊ ನೋಡಿ ಮರುಳಾಗಿ, ಬಂಗಾರದ ಮೆರುಗಿನ ಒಂದನ್ನು ತರಿಸಿಕೊಂಡೆ. ಎರಡು ತಿಂಗಳಿಗೆ ಜಿ ಶಾರ್ಪ್ ಸ್ವರದ ತೂತು ಮುಚ್ಚುವ ಮೆತ್ತೆ, ಅಂದರೆ ಪ್ಯಾಡ್, ಅಂಟಿಕೊಳ್ಳತೊಡಗಿತು. ಕೆಳಗಿನ ಸ್ವರಗಳು ಗೊರಗೊರ ಅಂದವು. ರಿಪೇರಿಯವರು ಕೋಣೆಯ ದೀಪ ಆರಿಸಿ, ಕೊಳವೆಯೊಳಗೆ ಸಣ್ಣ ಬಲ್ಬಿನ ಸರ ಇಳಿಬಿಟ್ಟು, ಒಂದೊಂದೇ ಕೀ ಒತ್ತಿದರು. ಮುಚ್ಚಿದ ಪ್ಯಾಡಿನ ಅಂಚಿನಿಂದ ಬೆಳಕು ಚಂದ್ರನ ಕಲೆಯ ಹಾಗೆ ಇಣುಕುತ್ತಿತ್ತು. ಒಂದಲ್ಲ, ಏಳು ಕಡೆ.

ಸೋರಿಕೆ ಆದರೂ ಸರಿಮಾಡಬಹುದು. ಸರಿಮಾಡಲಾಗದ್ದು ಶ್ರುತಿ. ಸೊಪ್ರಾನೊ ಕೊಳ್ಳುವವರು ಮೊದಲು ತಲೆಗೆ ಹಾಕಿಕೊಳ್ಳಬೇಕಾದದ್ದು ಇದನ್ನೇ. ಕೊಳವೆ ಗಿಡ್ಡ. ಹಾಗಾಗಿ ತೂತು ಕೂದಲೆಳೆಯಷ್ಟು ಆಚೀಚೆ ಆದರೂ ಸ್ವರ ಗಮನಕ್ಕೆ ಬರುವಷ್ಟು ಜಾರುತ್ತದೆ. ಅಷ್ಟೇ ತಪ್ಪು ದೊಡ್ಡ ಸ್ಯಾಕ್ಸೊಫೋನಾದ ಟೆನರ್‌ನ ಉದ್ದ ಕೊಳವೆಯಲ್ಲಿ ಕರಗಿಹೋಗುತ್ತದೆ. ಅದಕ್ಕೇ ಇವೆರಡರ ನಡುವಿನ ಗಾತ್ರದ ಆಲ್ಟೊದಲ್ಲಿ ನಡೆದುಹೋಗುವ ಅಗ್ಗದ ಕೆಲಸ ಸೊಪ್ರಾನೊದಲ್ಲಿ ಕಿವಿಗೆ ಚುಚ್ಚುತ್ತದೆ.

ಮೊದಲು ಆಕಾರ ತೀರ್ಮಾನಿಸಿ. ನೆಟ್ಟನೆಯದು, ಪುಟ್ಟ ಆಲ್ಟೊದಂತೆ ಬಾಗಿದ್ದು, ಕುತ್ತಿಗೆ ಮಾತ್ರ ತುಸು ಬಾಗಿದ್ದು ಎಂದು ಮೂರು ಬಗೆ ಸಿಗುತ್ತವೆ. ಬಾಗಿದ್ದರಲ್ಲಿ ದನಿ ನುಡಿಸುವವರ ಕಡೆಗೇ ತಿರುಗುತ್ತದೆ, ಹಿಡಿಯುವುದೂ ಸುಲಭ. ಆದರೆ ಮೊದಲ ಸಲ ಕೊಳ್ಳುವವರಿಗೆ ನನ್ನ ಮಾತು ನೆಟ್ಟನೆಯದಕ್ಕೇ. ಆಯ್ಕೆ ಜಾಸ್ತಿ, ಮುಂದೆ ಮಾರುವುದೂ ಸಲೀಸು. ಇನ್ನು ಕುತ್ತಿಗೆ ಬಿಚ್ಚಿ ಬದಲಿಸುವ ಮಾದರಿ ಅನುಕೂಲವೇನೋ ಹೌದು, ಆದರೆ ಆ ಕೀಲೇ ಗಾಳಿ ಸೋರಬಹುದಾದ ಇನ್ನೊಂದು ಜಾಗ. ಅಗ್ಗದ ವಾದ್ಯದಲ್ಲಿ ಒಂದೇ ತುಂಡಿನ ಕೊಳವೆ ಇರುವುದೇ ಕ್ಷೇಮ.

ಇನ್ನೂ ಮೇಲಿನ ಸ್ವರಕ್ಕೆ ಹೈ ಜಿ ಕೀ ಇದೆ ಅಂತ ಮಾರಾಟಗಾರರು ಹಿಗ್ಗಿ ಹೇಳುತ್ತಾರೆ. ಸುಮ್ನೆ ನಕ್ಕು ಮುಂದೆ ಹೋಗಿ. ಎಫ್ ಶಾರ್ಪ್ ತನಕ ಇದ್ದರೆ ಕಲಿಯುವವರಿಗೆ ಧಾರಾಳವಾಯಿತು.

ಈಗ ಬ್ರ್ಯಾಂಡ್. ಇಲ್ಲಿ ಜಗಳಕ್ಕೆ ಕೊನೆಯಿಲ್ಲ. ಪ್ಯಾರಿಸ್‌ನ ಸೆಲ್ಮರ್ ಹೆಸರು ದೊಡ್ಡದು. 1954ರಲ್ಲಿ ಬಂದ ಅದರ ಮಾರ್ಕ್ 6 ಮಾದರಿ ಇವತ್ತಿಗೂ ಪೂಜೆಗೊಳ್ಳುತ್ತದೆ. ಆದರೆ ನಾವು ಮಾತಾಡುತ್ತಿರುವುದು ಕೊಟ್ಟ ದುಡ್ಡಿಗೆ ಸಿಗುವ ಬೆಲೆಯ ಬಗ್ಗೆ. ಆ ಲೆಕ್ಕದಲ್ಲಿ ನನ್ನ ಓಟು ಜಪಾನಿನ ಎರಡು ಹೆಸರುಗಳಿಗೆ: ಯಮಾಹ ಮತ್ತು ಯಾನಗಿಸಾವ. ಯಮಾಹದ ವೈಎಸ್‌ಎಸ್-475 ಯಾರ ಕಣ್ಣನ್ನೂ ಕುಕ್ಕುವುದಿಲ್ಲ. ದನಿ ಸ್ವಲ್ಪ ಸಪ್ಪೆ ಅಂತ ದೂರುವವರೂ ಇದ್ದಾರೆ. ಆದರೆ ಶ್ರುತಿಯಲ್ಲಿ ನಿಲ್ಲುತ್ತದೆ, ಕೀಗಳು ಹೇಳಿದ ಮಾತು ಕೇಳುತ್ತವೆ. ಯಾನಗಿಸಾವದ ಎಸ್-901 ಈಗ ಹೊಸದಾಗಿ ತಯಾರಾಗುವುದಿಲ್ಲ, ಹಳೆಯದು ಸಿಕ್ಕರೆ ಬಿಡಬೇಡಿ. ಅದರ ದನಿ ಸ್ವಲ್ಪ ಜಾಸ್ತಿ ಬೆಚ್ಚಗಿದೆ ಅನ್ನುವುದು ನನ್ನ ಕಿವಿಯ ಲೆಕ್ಕ.

ಅವೆರಡೂ ಕೈಗೆಟಕದಿದ್ದರೆ ತೈವಾನ್ ಕಡೆ ನೋಡಿ. ಅಲ್ಲಿನ ಹೌಲಿ ಎಂಬ ಊರು ಸ್ಯಾಕ್ಸೊಫೋನ್ ತಯಾರಿಕೆಗೇ ಹೆಸರುವಾಸಿ. ಜುಪಿಟರ್, ಪಿ. ಮೌರಿಯಾ ತೈವಾನಿನ ಹೆಸರುಗಳೇ. ಮಧ್ಯಮ ದರದಲ್ಲಿ ಒಳ್ಳೆ ವಾದ್ಯ ಸಿಗುತ್ತದೆ, ಆದರೆ ಒಂದೊಂದನ್ನೂ ನುಡಿಸಿಯೇ ಆರಿಸಬೇಕು.

ಇನ್ನು ಹೊಸ ಹೊಸ ಹೆಸರಿನ ಅಗ್ಗದ ವಾದ್ಯಗಳು. ಇವುಗಳಲ್ಲಿ ಎಷ್ಟೋ ಒಂದೇ ಕಾರ್ಖಾನೆಯಿಂದ ಹೊರಟು, ದಾರಿಯಲ್ಲಿ ಬೇರೆ ಬೇರೆ ಹೆಸರು ಕೆತ್ತಿಸಿಕೊಂಡವು. ಇದು ಇವತ್ತಿನ ಚಾಳಿಯೇನಲ್ಲ. 1920ರ ದಶಕದಲ್ಲಿ ಅಮೆರಿಕದ ಕಾನ್, ಬುಶರ್ ಕಾರ್ಖಾನೆಗಳೂ ಬೇರೆಯವರ ಹೆಸರಿನಲ್ಲಿ ವಾದ್ಯ ಮಾಡಿಕೊಟ್ಟಿದ್ದವು. ಹಾಗಾಗಿ ಎರಡು ಅಗ್ಗದ ಬ್ರ್ಯಾಂಡ್‌ಗಳಲ್ಲಿ ಯಾವುದು ಮೇಲು ಅಂತ ತಲೆ ಕೆಡಿಸಿಕೊಳ್ಳುವುದು ವ್ಯರ್ಥ. ಒಂದೇ ಹೆಸರಿನ ಎರಡು ವಾದ್ಯಗಳೇ ಒಂದರಂತೆ ಇನ್ನೊಂದು ಇರುವುದಿಲ್ಲ.

ನೂರು ವರ್ಷ ಹಳೆಯದು ಅಗ್ಗಕ್ಕೆ ಕಂಡರೂ ಜೋಪಾನ. ಎರಡು ಅಪಾಯಗಳಿವೆ. ಒಂದು, ಆಗ ಸಿ ಶ್ರುತಿಯ ಸೊಪ್ರಾನೊಗಳೂ ಬರುತ್ತಿದ್ದವು. ಇಂದು ಎಲ್ಲರೂ ನುಡಿಸುವುದು ಬಿ ಫ್ಲ್ಯಾಟ್. ಎರಡು, ‘ಹೈ ಪಿಚ್’ ವಾದ್ಯಗಳು. ಇವುಗಳ ಎ ಸ್ವರ ಸುಮಾರು 457 ಹರ್ಟ್ಸ್. ಈಗಿನದು 440. ಊದುವ ತುದಿಯ ಮೌತ್‌ಪೀಸನ್ನು ಎಷ್ಟೇ ಹೊರಗೆಳೆದರೂ ಅದು ಇಳಿದು ಸೇರುವುದಿಲ್ಲ. ಸೀರಿಯಲ್ ನಂಬರಿನ ಹತ್ತಿರ ‘ಎಲ್’ ಅಥವಾ ‘ಎಲ್‌ಪಿ’ ಅಕ್ಷರ ಇದ್ದರೆ ಲೋ ಪಿಚ್, ಅಂದರೆ ನಮಗೆ ಬೇಕಾದ್ದು.

ಅಂಗಡಿಗೆ ಹೋಗುವಾಗ ನಿಮ್ಮದೇ ಮೌತ್‌ಪೀಸ್ ಮತ್ತು ಅದಕ್ಕೆ ಕಟ್ಟುವ ಪಳಗಿದ ರೀಡ್ (ಊದಿದಾಗ ಕಂಪಿಸುವ ತೆಳು ಪಟ್ಟಿ) ಒಯ್ಯಿರಿ. ಪ್ರತಿ ವಾದ್ಯಕ್ಕೂ ಬೇರೆ ಮೌತ್‌ಪೀಸ್ ಹಾಕಿ ನುಡಿಸಿದರೆ ನೀವು ಹೋಲಿಸುವುದು ಮೌತ್‌ಪೀಸನ್ನೇ. ಸ್ವಂತದ್ದು ಇಲ್ಲದಿದ್ದರೆ ಸೆಲ್ಮರ್ ಎಸ್80 ಸಿ ಸ್ಟಾರ್ ಅಥವಾ ಯಮಾಹ 4ಸಿ ಮೊದಲು ಕೊಂಡು, ವಾದ್ಯದ ಮಾತು ಆಮೇಲೆ. ಅಗ್ಗದ ವಾದ್ಯದ ಜೊತೆ ಪೆಟ್ಟಿಗೆಯಲ್ಲಿ ಬರುವ ಮೌತ್‌ಪೀಸನ್ನು ನಂಬಿ ಯಾವ ತೀರ್ಮಾನಕ್ಕೂ ಬರಬೇಡಿ.

ಟ್ಯೂನರ್ ಅಂದರೆ ಸ್ವರ ಎಷ್ಟು ಏರಿದೆ, ಇಳಿದಿದೆ ಅಂತ ತೋರಿಸುವ ಪುಟ್ಟ ಯಂತ್ರ. ಅದರ ಪರೀಕ್ಷೆಗೆ ಹತ್ತು ನಿಮಿಷ ಸಾಕು. ನೀವು ಸಿ ನುಡಿಸಿದರೆ ಟ್ಯೂನರ್ ಬಿ ಫ್ಲ್ಯಾಟ್ ತೋರಿಸುತ್ತದೆ, ಗಾಬರಿ ಬೇಡ, ವಾದ್ಯದ ಗುಣವೇ ಅದು. ಮೊದಲು ಐದು ನಿಮಿಷ ಊದಿ ಬಿಸಿ ಮಾಡಿ. ತಣ್ಣಗಿದ್ದಾಗ ಶ್ರುತಿ ಕೆಳಗಿರುತ್ತದೆ. ಮಧ್ಯದ ಜಿ ಸರಿಹೊಂದಿಸಿ, ಮತ್ತೆ ಮೌತ್‌ಪೀಸ್ ಮುಟ್ಟಬೇಡಿ. ಈಗ ಟ್ಯೂನರ್ ಗೆಳೆಯರ ಕೈಗೆ ಕೊಟ್ಟು, ಮುಳ್ಳು ನೋಡದೆ ಒಂದೊಂದೇ ಸ್ವರವನ್ನು ಉದ್ದಕ್ಕೆ ಹಿಡಿಯಿರಿ. ಗೆಳೆಯರು ಬರೆದುಕೊಳ್ಳಲಿ. ನೋಡುತ್ತಾ ನುಡಿಸಿದರೆ ತುಟಿ ತಾನಾಗಿ ಮೋಸ ಮಾಡುತ್ತದೆ, ಅಲ್ವಾ? ಕೆಳಗಿನ ಡಿ ಮತ್ತು ಆಕ್ಟೇವ್ ಕೀ (ಸ್ವರವನ್ನು ಮೇಲಿನ ಸ್ಥಾಯಿಗೆ ಏರಿಸುವುದು) ಒತ್ತಿದ ಡಿ, ಎರಡೂ ಜಿ, ಎರಡೂ ಎ, ಬೆರಳೇ ಇಡದ ಸಿ ಶಾರ್ಪ್, ಆಮೇಲೆ ಅಂಗೈ ಕೀಗಳ ಮೇಲಿನ ಸ್ವರಗಳು. ಮಧ್ಯದ ಡಿ ಸ್ವಲ್ಪ ಏರುವುದು, ಸಿ ಶಾರ್ಪ್ ಸ್ವಲ್ಪ ಇಳಿಯುವುದು ಒಳ್ಳೆ ವಾದ್ಯದಲ್ಲೂ ಇದ್ದದ್ದೇ. ತುಟಿಯಲ್ಲಿ ಸರಿಮಾಡಿಕೊಳ್ಳಬಹುದು. ಪಕ್ಕಪಕ್ಕದ ಸ್ವರಗಳಲ್ಲೇ ಒಂದು ಮೇಲಕ್ಕೆ, ಒಂದು ಕೆಳಕ್ಕೆ ಹಾರಾಡಿದರೆ ಮಾತ್ರ ಆ ವಾದ್ಯವನ್ನು ಅಲ್ಲೇ ಬಿಟ್ಟು ಬನ್ನಿ. ‘ಮೌತ್‌ಪೀಸ್ ಸ್ವಲ್ಪ ಒಳಗೆ ತಳ್ಳಿ, ಸರಿಹೋಗುತ್ತದೆ’ ಅಂದರೆ ಒಪ್ಪಬೇಡಿ. ಒಳಗೆ ತಳ್ಳಿದಾಗ ಮೇಲಿನ ಸ್ವರಗಳು ಕೆಳಗಿನವಕ್ಕಿಂತ ಜಾಸ್ತಿ ಏರುತ್ತವೆ. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಹರಿಯುತ್ತದೆ.

ಆಮೇಲೆ ಅತಿ ಕೆಳಗಿನ ಬಿ ಫ್ಲ್ಯಾಟನ್ನು ಪಿಸುಮಾತಿನಷ್ಟು ಮೆಲ್ಲಗೆ ನುಡಿಸಿ. ನೀಟಾಗಿ ಹೊರಟರೆ ಪ್ಯಾಡುಗಳು ಸರಿಯಾಗಿ ಕೂತಿವೆ. ಜೋರಾಗಿ ಊದಿದರಷ್ಟೇ ಬಂದರೆ ಎಲ್ಲೋ ಸೋರುತ್ತಿದೆ. ಕೀಗಳನ್ನು ಬೆರಳಲ್ಲಿ ಹಿಡಿದು ಅಕ್ಕಪಕ್ಕ ಅಲ್ಲಾಡಿಸಿ ನೋಡಿ. ಲೊಡಲೊಡ ಅನ್ನುವ ಸರಳು ಬೇಡ.

ಕೊನೆಗೆ ಖರ್ಚು ಕೂಡಿಸಿ. ಅಗ್ಗದ ವಾದ್ಯದ ದರಕ್ಕೆ ಮೌತ್‌ಪೀಸ್, ಪ್ಯಾಡ್ ಕೂರಿಸುವ ಕೂಲಿ ಸೇರಿಸಿ, ಮುಂದೆ ಮಾರಿದಾಗ ಬರುವ ಚಿಲ್ಲರೆ ಕಳೆಯಿರಿ. ಒಬ್ಬರ ಕೈಯಲ್ಲಿ ಪಳಗಿದ ಯಮಾಹಕ್ಕೂ ಇದೇ ಲೆಕ್ಕ ಹಾಕಿ. ನನ್ನ ಬಂಗಾರದ ಬಣ್ಣದ ಸೊಪ್ರಾನೊಗೆ ರಿಪೇರಿಯವರು ಹೇಳಿದ ಕೂಲಿ ಅದರ ದರದ ಅರ್ಧ ದಾಟಿತ್ತು. ಮಾಡಿಸಲಿಲ್ಲ. ಆ ವಾರವೇ ಹಳೆಯ 475 ಒಂದನ್ನು ತಂದೆ. ಮೆರುಗು ಅಲ್ಲಲ್ಲಿ ಹೋಗಿದೆ, ಹೆಬ್ಬೆರಳಿನ ಜಾಗದಲ್ಲಿ ಹಿತ್ತಾಳೆ ಬರಿಮೈಯಾಗಿದೆ. ಬಿ ಫ್ಲ್ಯಾಟ್ ಮಾತ್ರ ಇವತ್ತಿಗೂ ಪಿಸುಮಾತಿಗೇ ಹೊರಡುತ್ತದೆ.