ಹುಡುಕಾಟದಲ್ಲಿ ಕಾಣುವ ಆ ಎರಡು ಸಾಲು ಬರೆಯುವುದು ಹೇಗೆ?

ಗೂಗಲ್‌ನಲ್ಲಿ ಹುಡುಕಿದಾಗ ಶೀರ್ಷಿಕೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಎರಡು ಸಾಲು ಬರುತ್ತದಲ್ಲ, ಅದೇ ಸ್ನಿಪೆಟ್. ಲಿಂಕ್ ಒತ್ತಬೇಕೋ ಬೇಡವೋ ಎಂದು ಎಷ್ಟೋ ಸಲ ನಾವು ತೀರ್ಮಾನಿಸುವುದು ಅದನ್ನು ಓದಿಯೇ.

ಸೈಕಲ್ ಚೈನ್ ಬಿಗಿ ಮಾಡುವುದನ್ನು ಹೇಳಿಕೊಡುವ ಪುಟ ನಿಮ್ಮದು ಎಂದುಕೊಳ್ಳಿ. ಅಲ್ಲಿಗೆ ಬರುವವರು ಏನೆಂದು ಟೈಪ್ ಮಾಡಿರುತ್ತಾರೆ? 'ಸೈಕಲ್ ಚೈನ್ ಕಳಚುತ್ತಿದೆ' ಎಂದು ತಾನೇ? 'ಬೈಸಿಕಲ್ ನಿರ್ವಹಣಾ ಕ್ರಮಗಳು' ಎಂದು ಯಾರು ಹುಡುಕುತ್ತಾರೆ! ಮೊದಲು ಅವರ ಮಾತನ್ನು ಹಿಡಿಯಿರಿ. ಹುಡುಕಿದ ಪದ ಸ್ನಿಪೆಟ್‌ನಲ್ಲಿದ್ದರೆ ಗೂಗಲ್ ಅದನ್ನು ದಪ್ಪಗೆ ತೋರಿಸುವುದೂ ಉಂಟು.

ಇನ್ನು ಬರವಣಿಗೆ. 'ನಮ್ಮ ತಾಣಕ್ಕೆ ಸ್ವಾಗತ, ಸೈಕಲ್ ಕುರಿತ ಸಮಗ್ರ ಮಾಹಿತಿ ಇಲ್ಲಿದೆ' ಎಂದರೆ ಸುಮ್ನೆ ಜಾಗ ದಂಡ. ಹೀಗೆ ಬರೆದು ನೋಡಿ: 'ಸೈಕಲ್ ಚೈನ್ ಪದೇ ಪದೇ ಕಳಚುತ್ತಿದೆಯೇ? ಹಿಂದಿನ ಚಕ್ರದ ನಟ್ ಸಡಿಲಿಸಿ ಚೈನ್ ಬಿಗಿ ಮಾಡುವ ವಿಧಾನ, ಚಿತ್ರಗಳ ಜೊತೆ. ಗೇರ್ ಇಲ್ಲದ ಸೈಕಲ್‌ಗೆ ಮಾತ್ರ.' ಕೊನೆಯ ಮಾತು ಓದಿ ಕೆಲವರು ಮುಂದೆ ಹೋಗುತ್ತಾರೆ. ಹೋಗಲಿ ಬಿಡಿ. ಒಳಗೆ ಬಂದು ಬೈದುಕೊಂಡು ಹೋಗುವುದಕ್ಕಿಂತ ವಾಸಿ.

ಉದ್ದಕ್ಕೆ ಗೂಗಲ್ ಮಿತಿ ಹಾಕಿಲ್ಲ. ಪರದೆಯ ಅಗಲ ನೋಡಿ ಕತ್ತರಿಸುತ್ತದೆ, ಅಷ್ಟೇ. 150-160 ಅಕ್ಷರ ಎಂಬ ರೂಢಿಯ ಲೆಕ್ಕ ಇಂಗ್ಲಿಷಿಗೆ ಸರಿ, ಕನ್ನಡಕ್ಕೆ ಹೊಂದುವುದಿಲ್ಲ. 'ಸ್ತ್ರೀ' ನಮ್ಮ ಕಣ್ಣಿಗೆ ಒಂದೇ ಅಕ್ಷರ. ಕಂಪ್ಯೂಟರಿನ ಯೂನಿಕೋಡ್ ಲೆಕ್ಕದಲ್ಲಿ ಆರು! ಎಣಿಸುತ್ತ ಕೂರುವ ಬದಲು, ಮುಖ್ಯ ವಿಷಯವನ್ನು ಮೊದಲ ವಾಕ್ಯದಲ್ಲೇ ಮುಗಿಸಿಬಿಡಿ.

ಬರೆದದ್ದನ್ನು ಪುಟದ 'ಮೆಟಾ ಡಿಸ್ಕ್ರಿಪ್ಷನ್' ಜಾಗಕ್ಕೆ, ಅಂದರೆ ಪುಟದ ಮೇಲೆ ಕಾಣದೆ ಅದರ ಕೋಡ್‌ನಲ್ಲಿರುವ ವಿವರಣೆಯ ಜಾಗಕ್ಕೆ, ಹಾಕಬೇಕು. ಕೋಡ್‌ನಲ್ಲಿ ನೇರವಾಗಿ ಹಾಕುವವರು ಒಳಗೆ ಡಬಲ್ ಕೋಟ್ ಬಳಸಬೇಡಿ. ನಾನೊಮ್ಮೆ ಬಳಸಿ, ಅದರ ಮುಂದಿನದೆಲ್ಲ ಹಾರಿಹೋಗಿ ಮೂರೇ ಪದ ಉಳಿದಿತ್ತು. ಕೀವರ್ಡ್‌ಗಳನ್ನೂ, ಅಂದರೆ ಜನ ಹುಡುಕುವ ಪದಗಳನ್ನೂ, ಸುಮ್ನೆ ತುರುಕಬೇಡಿ. ಈ ವಿವರಣೆಯನ್ನು ಪುಟದ ಸ್ಥಾನ ನಿರ್ಧರಿಸುವ ರ್‍ಯಾಂಕಿಂಗ್‌ಗೆ ಪರಿಗಣಿಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದೆ.

ಇಷ್ಟೆಲ್ಲ ಮಾಡಿದರೂ ನಿಮ್ಮ ಸಾಲೇ ಕಾಣುತ್ತದೆ ಎನ್ನುವಂತಿಲ್ಲ. ಹುಡುಕಿದ ಮಾತಿಗೆ ಪುಟದ ಒಳಗಿನ ವಾಕ್ಯವೇ ಚೆನ್ನಾಗಿ ಹೊಂದಿದರೆ ಗೂಗಲ್ ಅದನ್ನೇ ಎತ್ತಿಕೊಳ್ಳುತ್ತದೆ. ಇದು ಜಾಸ್ತಿಯೇ ನಡೆಯುತ್ತದೆ. ಅದಕ್ಕೇ ಪುಟದ ಮೊದಲ ಪ್ಯಾರಾವನ್ನೂ ಪೀಠಿಕೆಯಲ್ಲಿ ಕಳೆಯದೆ, ಚೈನ್ ಯಾಕೆ ಕಳಚುತ್ತದೆ ಎಂದು ನೇರವಾಗಿ ಶುರು ಮಾಡಿ. ಬದಲಾವಣೆ ಆದ ಮೇಲೆ, ತಾಣದ ಮಾಲೀಕರಿಗೆಂದು ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ಪುಟವನ್ನು ಮತ್ತೆ ನೋಡುವಂತೆ ಕೋರಿಕೆ ಕಳಿಸಿ. ಹೊಸ ಸಾಲು ಕಾಣಲು ಕೆಲವು ದಿನ, ಒಮ್ಮೊಮ್ಮೆ ಕೆಲವು ವಾರವೇ ಹಿಡಿಯುತ್ತದೆ.