ಎರಡು ಪ್ರೊಸೆಸರ್ ಮಷೀನ್ ತಗೊಳೋರು ರ‍್ಯಾಮ್ ಹೇಗೆ ನೋಡ್ಬೇಕು

ಹಳೇ ಸರ್ವರ್ ಬೋರ್ಡ್ ತಗೊಂಡು ಎರಡು ಜಿಯಾನ್ (ಇಂಟೆಲ್‌ನ ಸರ್ವರ್ ಪ್ರೊಸೆಸರ್) ಕೂರಿಸೋಣ ಅನ್ನೋರು ಮೊದಲು ಕೋರ್ ಎಷ್ಟು ಅಂತ ಎಣಿಸ್ತಾರೆ, ರ‍್ಯಾಮ್ ಆಮೇಲೆ ನೋಡಿದ್ರಾಯ್ತು ಅಂತಾರೆ. ದಯವಿಟ್ಟು ಹಾಗೆ ಮಾಡ್ಬೇಡಿ. ಎಎಂಡಿ 2003ರಲ್ಲಿ ತನ್ನ ಸರ್ವರ್ ಪ್ರೊಸೆಸರ್ ಆಪ್ಟೆರಾನ್ ಒಳಗೇ ಮೆಮೊರಿ ಕಂಟ್ರೋಲರ್ (ಮೆಮೊರಿ ಓದಿ ಬರೆಯೋದನ್ನ ನೋಡ್ಕೊಳ್ಳೋ ಭಾಗ) ಇಟ್ಟಿತು, ಆಮೇಲೆ ಇಂಟೆಲ್ ಕೂಡ ಅದೇ ದಾರಿ ಹಿಡೀತು, ಹಾಗಾಗಿ ಈಗ ಒಂದೊಂದು ಪ್ರೊಸೆಸರಿಗೂ ಅದರದೇ ಸ್ಲಾಟ್‌ಗಳಿರತ್ತೆ, ಇನ್ನೊಂದರ ಹತ್ರ ಇರೋ ಡೇಟಾ ಬೇಕಂದ್ರೆ ಮಧ್ಯದ ಲಿಂಕ್ ದಾಟಿ ತರಬೇಕು, ಅಷ್ಟು ಲೇಟಾಗತ್ತೆ. ನ್ಯೂಮಾ ಅನ್ನೋದು ಇದನ್ನೇ.

ಪ್ರೊಸೆಸರ್ ವಿಷಯ ಸುಲಭ. ಐ7, ರೈಜೆನ್ ಜೋಡಿಯಾಗಿ ಕೆಲಸ ಮಾಡಲ್ಲ. ಜಿಯಾನ್‌ನಲ್ಲೂ ಇ5-1600 ಸಾಲು ಒಂಟಿ, ಇ5-2600 ಸಾಲು ಜೋಡಿಗೆ.

ರ‍್ಯಾಮ್ ಮೇಲಿನ ಸ್ಟಿಕ್ಕರ್ ಓದೋದು ಕಲೀರಿ. "2ಆರ್‌ಎಕ್ಸ್4 ಪಿಸಿ4-2400ಟಿ-ಆರ್" ಅಂತಿದ್ರೆ ಎರಡು ರ‍್ಯಾಂಕ್, ಅಂದ್ರೆ ಚಿಪ್‌ಗಳ ಎರಡು ಗುಂಪು, ಡಿಡಿಆರ್4, 2400 ಸ್ಪೀಡು, ಕೊನೇ ಆರ್ ಅಂದ್ರೆ ರಿಜಿಸ್ಟರ್ಡ್, ಸರ್ವರ್‌ಗೆ ಅಂತ ಮಾಡಿದ್ದು. ಅಲ್ಲಿ ಎಲ್ ಇದ್ರೆ ಲೋಡ್ ರಿಡ್ಯೂಸ್ಡ್, ಅದೂ ಸರ್ವರ್‌ದೇ, ಯು ಇದ್ರೆ ಮನೆ ಪಿಸಿದು. ಡಿಡಿಆರ್4ನಲ್ಲಿ ಮೂರೂ ಸ್ಲಾಟಲ್ಲಿ ಕೂರತ್ತೆ, ಅದಕ್ಕೇ ಜನ ಮೋಸ ಹೋಗೋದು, ಬೆರೆಸಿ ಹಾಕಿದ್ರೆ ಮಷೀನ್ ಏಳಲ್ಲ. ಇಸಿಸಿ (ಡೇಟಾದ ತಪ್ಪು ತಿದ್ದೋ ವ್ಯವಸ್ಥೆ) ಇಲ್ಲದ್ದು ಬೇಡವೇ ಬೇಡ, 64 ಬಿಟ್‌ಗೆ ಇನ್ನೂ 8 ಬಿಟ್ ಸೇರಿಸಿ ಒಂದು ಬಿಟ್ ತಪ್ಪಿದ್ರೆ ತಾನೇ ಸರಿಮಾಡ್ಕೊಳ್ಳತ್ತೆ, ದಿನವಿಡೀ ಓಡೋ ಮಷೀನಿಗೆ ಅದು ಬೇಕೇ ಬೇಕು.

ನಾನು ತಗೊಂಡ ಸೆಕೆಂಡ್ ಹ್ಯಾಂಡ್ ಮಷೀನಲ್ಲಿ 16 ಜಿಬಿದು ನಾಲ್ಕೂ ಮೊದಲನೇ ಪ್ರೊಸೆಸರ್ ಕಡೆಗೇ ಚುಚ್ಚಿದ್ರು. ಲಿನಕ್ಸ್‌ನಲ್ಲಿ ನ್ಯೂಮಾ-ಸಿಟಿಎಲ್ ಕಮಾಂಡ್ ಹಾರ್ಡ್‌ವೇರ್ ಆಪ್ಷನ್ ಕೊಟ್ಟು ಓಡಿಸಿದ್ರೆ ನೋಡ್ 1ರ (ನೋಡ್ ಅಂದ್ರೆ ಒಂದಷ್ಟು ಕೋರ್, ಅವುಗಳ ಹತ್ರದ ಮೆಮೊರಿ ಸೇರಿದ ಗುಂಪು, ಎಣಿಕೆ 0ಯಿಂದ) ಮುಂದೆ 0 ಎಂಬಿ! ಅಂದ್ರೆ ಎರಡನೇ ಪ್ರೊಸೆಸರ್ ಪ್ರತಿಯೊಂದಕ್ಕೂ ಪಕ್ಕದ ಮನೆಗೇ ಓಡ್ತಿತ್ತು. ಇ5-2600 ವಿ4ಗೆ ತಲಾ ನಾಲ್ಕು ಚಾನೆಲ್ (ಮೆಮೊರಿಗೆ ಹೋಗೋ ದಾರಿ), ಒಂದೊಂದಕ್ಕೆ ಸೆಕೆಂಡಿಗೆ ಹೆಚ್ಚೆಂದ್ರೆ 19.2 ಜಿಬಿ. ಆ 16 ಜಿಬಿದನ್ನ ಕೊಟ್ಟು 8 ಜಿಬಿದು ಎಂಟು ತಂದು ಎರಡೂ ಕಡೆ ನಾಲ್ಕು ನಾಲ್ಕು, ಚಾನೆಲ್‌ಗೊಂದರಂತೆ ಹಾಕ್ದೆ. ಅದೇ 64 ಜಿಬಿ, ಆದ್ರೆ ಎಂಟೂ ಚಾನೆಲ್ ದುಡೀತಿವೆ.

ಎಎಂಡಿಯ ಸರ್ವರ್ ಪ್ರೊಸೆಸರ್ ಎಪಿಕ್ ನೋಡ್ತಿದ್ರೆ 2017ರ ಮೊದಲನೇ ಪೀಳಿಗೆ ಬಿಟ್ಟು 2019ರದ್ದು ಹುಡುಕಿ. ಮೊದಲನೇದ್ರಲ್ಲಿ ಒಂದೇ ಪ್ರೊಸೆಸರ್ ಒಳಗೆ ನಾಲ್ಕು ಡೈ (ಸಿಲಿಕಾನ್ ತುಂಡು), ಡೈಗೆ ಎರಡು ಚಾನೆಲ್, ಹಾಗಾಗಿ ಒಂದು ಸಾಕೆಟ್ಟಲ್ಲೇ ನಾಲ್ಕು ನೋಡ್. ಎರಡನೇದ್ರಲ್ಲಿ ಎಂಟೂ ಚಾನೆಲ್ ನಡುವಿನ, ಇನ್‌ಪುಟ್-ಔಟ್‌ಪುಟ್ ನೋಡ್ಕೊಳ್ಳೋ ಒಂದೇ ಐಒ ಡೈಗೆ ಬಂದ್ವು. ಡೇಟಾಬೇಸ್ ಓಡಿಸೋರಿಗೆ ತಲೆನೋವು ಎಷ್ಟೋ ಕಡಿಮೆ.